ಯಾಕೋ, ಬಾ!

ಇಂಟರ್‌ವ್ಯೂ ತಯಾರಿ ಮಾಡಿಸುವವರು ಮೊದಲು ಕಲಿಸುವುದು 'ನಿಮ್ಮ ಬಗ್ಗೆ ಹೇಳಿ' ಎಂಬುದಕ್ಕೆ ಉತ್ತರ. ನನ್ನ ಹೆಸರು ಜೇಕಬ್. ಹಾಗಾಗಿ ಬೆನ್ನಿಗೇ ಇನ್ನೊಂದು ಪ್ರಶ್ನೆ ಕಾದಿರುತ್ತದೆ: 'ಹೆಸರಿನ ಅರ್ಥವೇನು?' ಮೊಬೈಲ್‌ನಲ್ಲಿ ಹುಡುಕಿದರೆ ಸಿಗುವುದು, 'ಇನ್ನೊಬ್ಬರ ಜಾಗ ಕಿತ್ತುಕೊಳ್ಳುವವನು'. ಕೆಲಸ ಕೇಳಲು ಹೋದವನು ಇದನ್ನು ಹೇಳಿದರೆ ಹೇಗಿರುತ್ತದೆ, ನೀವೇ ಊಹಿಸಿ! ಹಾಸ್ಟೆಲ್ ಗೆಳೆಯರಿಗಂತೂ ಹಬ್ಬ.

ಕನ್ನಡ ಬೈಬಲ್‌ನಲ್ಲಿ ಈ ಹೆಸರು ಯಾಕೋಬ. ಅಜ್ಜಿ ಕರೆಯುವುದೂ ಹಾಗೆಯೇ. ಶಾಲೆಯಲ್ಲಿ ಹುಡುಗರು ಅದನ್ನು ಬಿಡಿಸಿ 'ಯಾಕೋ, ಬಾ' ಎಂದು ಕೂಗುತ್ತಿದ್ದರು. ಬೈಬಲ್ ಕೂಡ ಈ ಹೆಸರಿನೊಂದಿಗೆ ಇಂಥದೇ ಆಟ ಆಡಿದೆ. ಹೀಬ್ರೂವಿನಲ್ಲಿ 'ಯಾಕೋವ್' ಹೆಸರು, 'ಅಕೇವ್' ಎಂದರೆ ಹಿಮ್ಮಡಿ. ಆದಿಕಾಂಡದ ಪ್ರಕಾರ ಇಸಾಕ–ರೆಬೆಕ್ಕರಿಗೆ ಅವಳಿ ಗಂಡುಮಕ್ಕಳು. ಮೊದಲು ಏಸಾವ ಹುಟ್ಟಿದ. ಅವನ ಹಿಮ್ಮಡಿ ಹಿಡಿದುಕೊಂಡೇ ತಮ್ಮ ಹೊರಬಂದ. ಅದಕ್ಕೇ ಯಾಕೋಬ. ಮುಂದೆ ಹಸಿದು ಬಂದ ಅಣ್ಣನಿಗೆ ಬೇಳೆಯ ಅಡುಗೆ ಕೊಟ್ಟು ಚೊಚ್ಚಲು ಮಗನ ಹಕ್ಕು ಪಡೆದ. ಕಣ್ಣು ಮಂಜಾದ ಅಪ್ಪನ ಮುಂದೆ ಅಣ್ಣನ ಬಟ್ಟೆ ತೊಟ್ಟು ನಿಂತು ಆಶೀರ್ವಾದವನ್ನೂ ಪಡೆದ. ಹೆಸರಿಗೆ ತಕ್ಕ ಹಾಗೆ ಎರಡು ಸಲ ಮೋಸ ಮಾಡಿದನಲ್ಲ ಎಂದು ಏಸಾವ ಗೋಳಾಡುತ್ತಾನೆ. ಮೊಬೈಲ್ ಹೇಳುವ ಅರ್ಥ ನೊಂದ ಅಣ್ಣನ ಈ ಮಾತು. ನಮ್ಮಲ್ಲೂ 'ಕಾಲೆಳೆಯುವುದು' ಎನ್ನುತ್ತೇವಲ್ಲ!

ಇದು 'ದೇವರು ಕಾಪಾಡಲಿ' ಎಂಬರ್ಥದ ಹಳೆಯ ಹೆಸರೊಂದರ ಮೊಟಕು ರೂಪ ಎನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ. ನನಗೆ ಇದೇ ಸರಿ ಎನಿಸುತ್ತದೆ. ಸುಮಾರು 3,600 ವರ್ಷಗಳ ಹಿಂದಿನ ಈಜಿಪ್ಟಿನ ಮುದ್ರೆಗಳಲ್ಲಿ ಯಾಕೂಬ್-ಹರ್ ಎಂಬ ದೊರೆಯ ಹೆಸರಿದೆ. ಯಾವ ದೊರೆ ತಾನು ಮೋಸಗಾರ ಎಂದು ಮುದ್ರೆ ಒತ್ತಿಸಿಯಾನು?

ಗ್ರೀಕ್, ಲ್ಯಾಟಿನ್ ದಾಟಿ ಬರುವಾಗ ಇದೇ ಹೆಸರು ಇಂಗ್ಲಿಷಿನಲ್ಲಿ ಜೇಮ್ಸ್ ಕೂಡ ಆಯಿತು. ಸ್ಪೇನಿನಲ್ಲಿ ಯಾಗೊ; ಹಿಂದೆ 'ಸಂತ' ಸೇರಿ ಸಾಂಟಿಯಾಗೊ, ಅಂದರೆ ಚಿಲಿಯ ರಾಜಧಾನಿಯ ಹೆಸರು. ಅರಬ್ಬಿಯಲ್ಲಿ ಯಾಕೂಬ್. ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಹೆಸರೂ ಯಾಕೂಬ್! ಅಂದರೆ ಒಂದೇ ಹೆಸರಿನ ಇಬ್ಬರು ಒಂದೇ ಬೀಗದ ಕೀ ಹಂಚಿಕೊಂಡಿದ್ದೇವೆ.

ಕಥೆಯಲ್ಲಿ ನನಗೆ ಇಷ್ಟವಾದ ಭಾಗ ಇನ್ನೊಂದಿದೆ. ಎಷ್ಟೋ ವರ್ಷಗಳ ಮೇಲೆ ಅಣ್ಣನನ್ನು ಎದುರಿಸಲು ಹೆದರುತ್ತಲೇ ಊರಿಗೆ ಹೊರಟ ಯಾಕೋಬ, ಯಬ್ಬೋಕ್ ಹೊಳೆಯ ಬಳಿ ಅಪರಿಚಿತನೊಬ್ಬನ ಜತೆ ಬೆಳಗಿನವರೆಗೆ ಕುಸ್ತಿ ಆಡುತ್ತಾನೆ. ಕೊನೆಗೆ ಆ ಅಪರಿಚಿತ ಕೇಳುತ್ತಾನೆ, ನಿನ್ನ ಹೆಸರೇನು? ಹಿಂದೆ ಅಪ್ಪ 'ಯಾರು ನೀನು' ಎಂದಾಗ ಏಸಾವ ಎಂದಿದ್ದವನು ಈ ಸಲ ಯಾಕೋಬ ಎನ್ನುತ್ತಾನೆ. ಇಸ್ರಾಯೇಲ್ ಎಂಬ ಹೊಸ ಹೆಸರು ಸಿಗುವುದು ಆಮೇಲೆ.