ಒಂಬತ್ತು ರಾತ್ರಿಗಳ ಮದ್ದು

ಬೆಳ್ಳುಳ್ಳಿ, ಈರುಳ್ಳಿ, ದ್ರಾಕ್ಷಾಮದ್ಯ, ಎತ್ತಿನ ಪಿತ್ತರಸ—ಇವನ್ನು ಬೆರೆಸಿ ಹಿತ್ತಾಳೆಯ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇರಿಸಿ, ಬಟ್ಟೆಯಲ್ಲಿ ಸೋಸಿ, ಹಕ್ಕಿಯ ಗರಿಯಿಂದ ಕಣ್ಣಿಗೆ ಹಚ್ಚಬೇಕು! ಸುಮಾರು ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಬರೆದಿಟ್ಟ ‘ಬಾಲ್ಡನ ವೈದ್ಯಗ್ರಂಥ’ವು ರೆಪ್ಪೆಯ ಕುರುವಿಗೆ ಹೇಳುವ ಔಷಧವಿದು.

ಆ ಕುರುವಿಗೆ ಸಾಮಾನ್ಯವಾಗಿ ಕಾರಣವಾಗುವುದು ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು. ಗಾಯವನ್ನು ಕೀವುಗಟ್ಟಿಸುವ ಈ ಹಗೆ ರಕ್ತಕ್ಕಿಳಿದರೆ ಪ್ರಾಣವನ್ನೇ ಕೊಳ್ಳಬಲ್ಲುದು. ಮೊದಲು ಪೆನಿಸಿಲಿನ್ನಿಗೆ ಮಣಿದ ಅದು ಬಹುಬೇಗ ಅದನ್ನು ಮುರಿಯಲು ಕಲಿಯಿತು. 1959ರಲ್ಲಿ ಮೆಥಿಸಿಲಿನ್ ಬಂದಿತು. ಎರಡೇ ವರ್ಷಗಳಲ್ಲಿ ಅದಕ್ಕೂ ಬಗ್ಗದ ತಳಿ ಬ್ರಿಟನ್ನಿನಲ್ಲಿ ತಲೆಯೆತ್ತಿತು.

ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಭಾಷಾವಿದುಷಿ ಕ್ರಿಸ್ಟಿನಾ ಲೀ ಹಳೆಯ ಆಂಗ್ಲಪಾಠವನ್ನು ಅರ್ಥೈಸಿದರು. ಸೂಕ್ಷ್ಮಜೀವಿ ವಿಜ್ಞಾನಿ ಫ್ರೇಯಾ ಹ್ಯಾರಿಸನ್ ಮತ್ತು ಸಂಗಡಿಗರು ಮದ್ದನ್ನು ಸಿದ್ಧಪಡಿಸಿದರು. ಹಿತ್ತಾಳೆಯ ಪಾತ್ರೆಗೆ ಬದಲಾಗಿ ಗಾಜಿನ ಸೀಸೆಯಲ್ಲಿ ಹಿತ್ತಾಳೆಯ ತುಂಡುಗಳನ್ನಿಟ್ಟರು. 2015ರಲ್ಲಿ ಹೊರಬಂದ ಫಲಿತಾಂಶ ಅವರನ್ನೇ ಬೆರಗುಗೊಳಿಸಿತು: ಸೋಂಕು ತಗುಲಿದ ಇಲಿಗಳ ಗಾಯದ ತುಣುಕುಗಳಲ್ಲಿ ಆ ಹಠಮಾರಿ ತಳಿಯ ರೋಗಾಣುಗಳು ನೂರಕ್ಕೆ ತೊಂಬತ್ತರಷ್ಟು ಸತ್ತಿದ್ದವು!

ಇಷ್ಟು ಬಲ ಯಾವ ವಸ್ತುವಿನದು? ಬಿಡಿಬಿಡಿಯಾಗಿ ತೇಲುವ ರೋಗಾಣುಗಳಿಗೆ ಬೆಳ್ಳುಳ್ಳಿಯ ಅಲಿಸಿನ್ ಒಂದೇ ಸಾಕು. ಆದರೆ ಗಾಯದಲ್ಲಿ ಅವು ಲೋಳೆಯ ಕೋಟೆ ಕಟ್ಟಿಕೊಂಡು ಒಳಗೆ ಅಡಗುತ್ತವೆ. ಆ ಕೋಟೆಯನ್ನು ಭೇದಿಸಲು ನಾಲ್ಕೂ ವಸ್ತುಗಳು ಕೂಡಿಯೇ ಇರಬೇಕೆಂದು 2020ರ ಪ್ರಯೋಗಗಳು ತೋರಿಸಿದವು. ಒಂದೊಂದನ್ನೇ ಬೇರ್ಪಡಿಸಿ ಪರೀಕ್ಷಿಸಿದ್ದರೆ ಈ ಗುಣ ಕೈತಪ್ಪುತ್ತಿತ್ತು.

ಹಾಗೆಂದು ಯಾರೂ ಮನೆಯಲ್ಲಿ ಇದನ್ನು ಅರೆದು ಕಣ್ಣಿಗೆ ಹಚ್ಚಬಾರದು. ಪ್ರಯೋಗಶಾಲೆಯ ಗೆಲುವು ರೋಗಿಯ ಹಾಸಿಗೆಯನ್ನು ಮುಟ್ಟುವ ಮುನ್ನ ಅನೇಕ ಪರೀಕ್ಷೆಗಳನ್ನು ದಾಟಬೇಕು. ಬಾಲ್ಡನ ಗ್ರಂಥ ಸಾವಿರ ವರ್ಷ ಕಾದಿದೆ. ಕಣ್ಣು ಇನ್ನಷ್ಟು ದಿನ ಕಾಯಬಹುದು.