ಬಿಸಿಲು ನಮ್ಮದು, ಫಲಕ ಯಾರದು?

2010ರ ಜನವರಿಯಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ಕೇಂದ್ರ ಸರ್ಕಾರಕ್ಕೆ ಎರಡು ಆಸೆಗಳಿದ್ದವು. 2022ರೊಳಗೆ 20,000 ಮೆಗಾವಾಟ್ ಸೌರ ವಿದ್ಯುತ್ ಸಿಗಬೇಕು. ಅದಕ್ಕೆ ಬೇಕಾದ ಕೋಶ, ಫಲಕಗಳೂ ಇಲ್ಲೇ ತಯಾರಾಗಬೇಕು. ಹಾಗಾಗಿ ನಿಗದಿತ ದರದಲ್ಲಿ 25 ವರ್ಷ ವಿದ್ಯುತ್ ಕೊಳ್ಳುವ ಭರವಸೆ ಕೊಟ್ಟ ಸರ್ಕಾರ, ಫಲಕ ಭಾರತದ್ದೇ ಆಗಿರಬೇಕೆಂಬ ಷರತ್ತನ್ನೂ ಹಾಕಿತು. ಮರುವರ್ಷ ಕೋಶವೂ ಆ ಷರತ್ತಿಗೆ ಸೇರಿತು.

ಆದರೆ ಬೇಲಿಯಲ್ಲೊಂದು ಕಂಡಿ ಉಳಿದಿತ್ತು. ಆರಂಭದ ಹಂತದಲ್ಲಿ ಷರತ್ತು ಅನ್ವಯಿಸಿದ್ದು ಸ್ಫಟಿಕ ಸಿಲಿಕಾನ್ ಫಲಕಗಳಿಗೆ ಮಾತ್ರ. ತೆಳುಪದರದ ಫಲಕಗಳನ್ನು ಹೊರಗಿನಿಂದ ತರಿಸಬಹುದಿತ್ತು. ಅಮೆರಿಕದ ಫಸ್ಟ್ ಸೋಲಾರ್ ತಯಾರಿಸುತ್ತಿದ್ದುದು ಅದನ್ನೇ. ಅಲ್ಲಿನ ಎಕ್ಸಿಮ್ ಬ್ಯಾಂಕ್ ಕಡಿಮೆ ಬಡ್ಡಿಯ ಸಾಲವನ್ನೂ ಕೊಡುತ್ತಿತ್ತು. ಭಾರತದ ಅನೇಕ ಕಂಪನಿಗಳು ಅತ್ತ ಹೊರಳಿದವು.

ಅಷ್ಟಾದರೂ 2013ರ ಫೆಬ್ರವರಿಯಲ್ಲಿ ಅಮೆರಿಕ ಈ ಷರತ್ತಿನ ವಿರುದ್ಧ ವಿಶ್ವ ವಾಣಿಜ್ಯ ಸಂಸ್ಥೆಯ ಮೊರೆಹೋಯಿತು.

ಸರ್ಕಾರ ತನಗಾಗಿ ಮಾಡುವ ಖರೀದಿಗೆ ವ್ಯಾಪಾರ ನಿಯಮಗಳಲ್ಲಿ ವಿನಾಯಿತಿಯಿದೆ ಎಂಬುದು ಭಾರತದ ವಾದವಾಗಿತ್ತು. ಸರ್ಕಾರ ಕೊಳ್ಳುತ್ತಿರುವುದು ವಿದ್ಯುತ್ತನ್ನು, ನಿರ್ಬಂಧ ಇರುವುದು ಫಲಕದ ಮೇಲೆ. ಎರಡೂ ಬೇರೆ ಬೇರೆ ಸರಕು ಎಂದು ಸಂಸ್ಥೆಯ ಮೇಲ್ಮನವಿ ಮಂಡಳಿ 2016ರ ಸೆಪ್ಟೆಂಬರ್‌ನಲ್ಲಿ ಆ ವಾದವನ್ನು ತಳ್ಳಿಹಾಕಿತು. ಒಂಟಾರಿಯೊ ಪ್ರಾಂತ್ಯದ ಇಂಥದೇ ಷರತ್ತಿಗಾಗಿ ಕೆನಡಾ ಜಪಾನ್ ಮತ್ತು ಯುರೋಪ್ ಒಕ್ಕೂಟದ ಎದುರು 2013ರಲ್ಲಿ ಸೋತದ್ದೂ ಇದೇ ತರ್ಕಕ್ಕೆ. ಸೌರಶಕ್ತಿಗೆ ಸಬ್ಸಿಡಿ ಕೊಡುವುದೇ ತಪ್ಪೆಂದು ಈ ತೀರ್ಪುಗಳು ಹೇಳಲಿಲ್ಲ. ಸ್ವದೇಶಿ ಸರಕನ್ನೇ ಬಳಸಬೇಕೆಂಬ ಷರತ್ತು ತಪ್ಪು ಎಂದವು.

ಕಾನೂನಿನ ಅಕ್ಷರಕ್ಕೆ ಇದು ಸರಿ. ಆದರೆ ಕಾರ್ಖಾನೆ ಬರುತ್ತದೆ, ಊರಿಗೆ ಉದ್ಯೋಗ ಸಿಗುತ್ತದೆ ಎಂಬ ನಂಬಿಕೆಯಿಲ್ಲದೆ ಯಾವ ಸರ್ಕಾರಕ್ಕೂ ಹಸಿರು ವಿದ್ಯುತ್ತಿಗೆ ವರ್ಷಗಟ್ಟಲೆ ತೆರಿಗೆ ಹಣ ಸುರಿಯುವುದು ಸುಲಭವಲ್ಲ. ಪರಿಸರ ಸಂಬಂಧಿ ಕೆಲವು ಸಬ್ಸಿಡಿಗಳಿಗೆ ಜಾಗತಿಕ ವ್ಯಾಪಾರ ಒಪ್ಪಂದದಲ್ಲೇ ರಕ್ಷಣೆಯಿತ್ತು. 1999ರ ಕೊನೆಗೆ ಅದರ ಅವಧಿ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಹವಾಮಾನದ ಬಿಕ್ಕಟ್ಟು ಕಣ್ಣೆದುರಿರುವಾಗ ಆ ರಕ್ಷಣೆಯನ್ನು ಹೊಸ ಮಿತಿಗಳೊಂದಿಗೆ ಮರಳಿ ತರುವುದು ತುರ್ತು.

ಭಾರತವೂ ಸುಮ್ಮನಿರಲಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿಷಿಗನ್ ಮುಂತಾದ ಅಮೆರಿಕದ ರಾಜ್ಯಗಳಲ್ಲೂ ಸ್ಥಳೀಯ ಉಪಕರಣಕ್ಕೆ ಹೆಚ್ಚಿನ ನೆರವು ಸಿಗುತ್ತಿರುವುದನ್ನು ತೋರಿಸಿ, 2016ರ ಅದೇ ಸೆಪ್ಟೆಂಬರ್‌ನಲ್ಲಿ ದೂರು ಕೊಟ್ಟು, 2019ರ ಜೂನ್‌ನಲ್ಲಿ ಗೆದ್ದಿತು. ಅಮೆರಿಕ ಮೇಲ್ಮನವಿ ಸಲ್ಲಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಮೇಲ್ಮನವಿ ಮಂಡಳಿಯ ಕೆಲಸವೇ ನಿಂತಿತು, ಏಕೆಂದರೆ ಹೊಸ ಸದಸ್ಯರ ನೇಮಕಕ್ಕೆ ಅಡ್ಡಗಾಲು ಹಾಕಿದ್ದು ಅಮೆರಿಕವೇ! ಗೆದ್ದ ತೀರ್ಪು ಕಡತದಲ್ಲೇ ಉಳಿಯಿತು. 2023ರ ಜೂನ್‌ನಲ್ಲಿ ಎರಡೂ ದೇಶಗಳು ಮಾತುಕತೆಯಲ್ಲಿ ಆರು ವ್ಯಾಜ್ಯಗಳನ್ನು ಮುಗಿಸಿಕೊಂಡಾಗ ಈ ಎರಡೂ ಸೌರ ವ್ಯಾಜ್ಯಗಳು ಅವುಗಳಲ್ಲಿದ್ದವು.

ಅಷ್ಟರಲ್ಲಿ ಅಮೆರಿಕದ 2022ರ ಕಾನೂನು ಸ್ವದೇಶಿ ಉಪಕರಣ ಬಳಸುವ ಸೌರ, ಪವನ ಘಟಕಗಳಿಗೆ ಹೆಚ್ಚುವರಿ ತೆರಿಗೆ ರಿಯಾಯಿತಿ ಘೋಷಿಸಿತ್ತು. 2024ರ ಮಾರ್ಚ್‌ನಲ್ಲಿ ಚೀನಾ ಆ ಕಾನೂನನ್ನು ಪ್ರಶ್ನಿಸಿತು. ಭಾರತವೂ ದಾರಿ ಬದಲಿಸಿತು: 2022ರ ಏಪ್ರಿಲ್‌ನಿಂದ ಆಮದು ಫಲಕಕ್ಕೆ ಶೇ 40, ಕೋಶಕ್ಕೆ ಶೇ 25 ಸುಂಕ ಹಾಕಿತು, ಸರ್ಕಾರಿ ಯೋಜನೆಗಳಿಗೆ ಅನುಮೋದಿತ ತಯಾರಕರ ಪಟ್ಟಿಯನ್ನೂ ತಂದಿತು.

ಈ ವ್ಯಾಜ್ಯಗಳು ನಡೆಯುತ್ತಿದ್ದಾಗಲೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದು ನಿಂತಿತು. ಆ ವರ್ಷಗಳಲ್ಲಿ ದೇಶಕ್ಕೆ ಬರುತ್ತಿದ್ದ ಫಲಕಗಳಲ್ಲಿ ಬಹುಪಾಲು ಚೀನಾದವು.