ಹೊಟ್ಟೆಕಿಚ್ಚು ಯಾರದು? ಹೋಲಿಕೆಯನ್ನು ಕುರಿತು ಒಂದು ವಿವೇಚನೆ

ಬಂಕಾಪುರದ ಕೋಟೆಯ ಆವರಣದಲ್ಲಿ ನವಿಲುಧಾಮವಿದೆ. ನವಿಲಿನ ಮಾತೆತ್ತಿದೊಡನೆ ನಮ್ಮವರ ನಾಲಿಗೆಗೆ ಬರುವುದು ಕೆಂಬೂತದ ಗಾದೆ: ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ಕೆದರಿತಂತೆ. ಪರರೊಡನೆ ತನ್ನನ್ನು ಹೋಲಿಸಿಕೊಳ್ಳುವವನಿಗೆ ಹೇಳುವ ಬುದ್ಧಿವಾದವಿದು, ಪ್ರಸಂಗಪೀಠದಿಂದಲೂ ಕೇಳಿಬರುವುದುಂಟು. ಆದರೆ ಇದನ್ನು ಯಾರು ಯಾರಿಗೆ ಹೇಳುತ್ತಾರೆಂಬುದನ್ನು ಗಮನಿಸಬೇಕು. ನವಿಲಿಗೆ ಯಾರೂ ಹೇಳುವುದಿಲ್ಲ. ಕೆಳಗಿರುವವನು ಒಂದು ಮೆಟ್ಟಿಲು ಏರಹೊರಟಾಗ ಮೇಲಿರುವವನ ಬಾಯಿಂದ ಈ ಮಾತು ಹೊರಡುತ್ತದೆ. ಅಸೂಯೆಯನ್ನು ಕುರಿತ ಸಭೆಯ ಬೋಧನೆಯೂ ಇದೇ ಜಾಡು ಹಿಡಿದರೆ ಸುವಾರ್ತೆ ತಲೆಕೆಳಗಾಗುತ್ತದೆ.

ಬಂಕಾಪುರಕ್ಕೆ ಸಮೀಪದ ಬಾಡ ಗ್ರಾಮ ಕನಕದಾಸರ ಹುಟ್ಟೂರು. ಅವರ 'ರಾಮಧಾನ್ಯ ಚರಿತ್ರೆ' ಹೋಲಿಕೆಯೇ ವಸ್ತುವಾಗಿರುವ ಕಾವ್ಯ. ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಪ್ರಶ್ನೆಗೆ ಗೌತಮ ಮುನಿ ನರೆದಲೆಗವನ್ನು, ಅಂದರೆ ರಾಗಿಯನ್ನು, ಹೊಗಳುತ್ತಾನೆ. ಕೆರಳುವುದು ಭತ್ತ. ರಾಗಿಯನ್ನು ಹೀನಜಾತಿಯ ಆಹಾರವೆಂದು ಹಳಿಯುತ್ತದೆ. ಬಡವರನ್ನು ಕಣ್ಣೆತ್ತಿ ನೋಡದೆ ಧನಿಕರ ಬೆನ್ನು ಹಿಡಿಯುವವನು ನೀನು ಎಂಬರ್ಥದಲ್ಲಿ ರಾಗಿ ಮರುನುಡಿಯುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗಿ ಭತ್ತ ಕಂದಿಹೋಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ.

ಇಲ್ಲಿ ಅಸೂಯೆಗೊಂಡವರು ಯಾರು? ರಾಗಿಯಲ್ಲ. ಅದು ತನ್ನ ಮೇಲಿನ ನಿಂದೆಗೆ ಉತ್ತರ ಕೊಟ್ಟಿತು, ಅಷ್ಟೆ. ಇನ್ನೊಬ್ಬರಿಗೆ ಸಂದ ಹೊಗಳಿಕೆಯಿಂದ ತನ್ನದೇನೋ ಕಳೆದುಹೋಯಿತೆಂದು ತಿಳಿದದ್ದು ಭತ್ತ.

ಪವಿತ್ರಗ್ರಂಥದ ಅಸೂಯೆಯ ಪ್ರಸಂಗಗಳನ್ನು ಈ ಪ್ರಶ್ನೆಯೊಂದಿಗೆ ಓದಿದರೆ ಆಶ್ಚರ್ಯವಾಗುತ್ತದೆ. ಕಾಯಿನನು ಚೊಚ್ಚಲ ಮಗ. ಯೋಸೇಫನ ಮೇಲೆ ಮತ್ಸರಪಟ್ಟವರು ಅವನ ಅಣ್ಣಂದಿರು. ಸ್ತ್ರೀಯರ ಹಾಡನ್ನು ಕೇಳಿ ದಾವೀದನ ಮೇಲೆ ಕಣ್ಣಿಟ್ಟ ಸೌಲನು ಆಗಲೂ ಸಿಂಹಾಸನದ ಮೇಲೆಯೇ ಕುಳಿತಿದ್ದನು. ಯೇಸುವನ್ನು ಒಪ್ಪಿಸಿಕೊಟ್ಟದ್ದು ಹೊಟ್ಟೆಕಿಚ್ಚಿನಿಂದಲೇ ಎಂದು ಪಿಲಾತನಿಗೆ ತಿಳಿದಿತ್ತೆಂದು ಮತ್ತಾಯನೂ ಮಾರ್ಕನೂ ಬರೆಯುತ್ತಾರೆ, ಒಪ್ಪಿಸಿದವರು ಮಹಾಯಾಜಕರು. ದ್ರಾಕ್ಷೇತೋಟದ ಸಾಮ್ಯದಲ್ಲಿ (ಮತ್ತಾಯ 20:1-16) ಗೊಣಗಿದವರು ಮುಂಜಾನೆಯೇ ಕೆಲಸಕ್ಕೆ ಸೇರಿದವರು. ಅವರ ಕೂಲಿಯಲ್ಲಿ ಕಾಸೂ ಕಡಿಮೆಯಾಗಿರಲಿಲ್ಲ. ಕಡೆಯ ಗಳಿಗೆಯಲ್ಲಿ ಬಂದವರ ಮನೆಯಲ್ಲೂ ಆ ರಾತ್ರಿ ಒಲೆ ಉರಿಯುವಂತಾದದ್ದೇ ಅವರಿಗೆ ಸಹಿಸಲಾಗದ ಸಂಗತಿಯಾಯಿತು.

ಕೆಳಗಿನಿಂದ ಹುಟ್ಟುವ ಅಸೂಯೆ ಇಲ್ಲವೇ ಇಲ್ಲವೆಂದಲ್ಲ. ದುಷ್ಟರ ಸೌಭಾಗ್ಯವನ್ನು ಕಂಡು ಕಾಲು ಜಾರುವಂತಾಯಿತೆಂದು ಆಸಾಫನು 73ನೆಯ ಕೀರ್ತನೆಯಲ್ಲಿ ಮರೆಮಾಚದೆ ಅರಿಕೆಮಾಡುತ್ತಾನೆ. ಕೈಯಲ್ಲದ ಕಾರಣ ತಾನು ದೇಹಕ್ಕೆ ಸೇರಿದ್ದಲ್ಲವೆಂದು ಕಾಲು ಹೇಳೀತೆಂದು ಪೌಲನೂ ಊಹಿಸುತ್ತಾನೆ. ಆದರೆ ಪ್ರತಿಯೊಂದು ಹೋಲಿಕೆಗೂ ಅಸೂಯೆಯ ಹೆಸರಿಡಬಾರದು. ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯದಲ್ಲಿ ಗ್ರೀಕ್ ಭಾಷೆಯನ್ನಾಡುವವರು ಗೊಣಗಿದರು: ದಿನದಿನದ ಉಪಚಾರದಲ್ಲಿ ತಮ್ಮ ವಿಧವೆಯರನ್ನು ಅಲಕ್ಷ್ಯಮಾಡಲಾಗುತ್ತಿದೆ ಎಂದು. ಇದು ಅಪ್ಪಟ ಹೋಲಿಕೆಯೇ. ಇರುವುದರಲ್ಲಿ ತೃಪ್ತರಾಗಿರಿ ಎಂದು ಅಪೊಸ್ತಲರು ಆ ವಿಧವೆಯರಿಗೆ ಉಪದೇಶಿಸಲಿಲ್ಲ. ಏಳು ಮಂದಿಯನ್ನು ಆರಿಸಿ ನೇಮಿಸಲು ಏರ್ಪಡಿಸಿದರು. ಆ ಏಳೂ ಗ್ರೀಕ್ ಹೆಸರುಗಳು. ಇದು ಕಾಕತಾಳೀಯವೆಂದು ನಾನು ನಂಬಲಾರೆ.

ಎರಡು ಗೊಣಗಾಟಗಳ ಭೇದ ಇಲ್ಲಿ ಕಾಣುತ್ತದೆ. ವಿಧವೆಯರ ಪರವಾಗಿ ಕೂಗಿದವರು ಬೇಡಿದ್ದು ಇಲ್ಲದವರ ಕೈಗೂ ಅನ್ನ ಬರಲೆಂದು. ಮುಂಜಾನೆಯ ಕೂಲಿಯಾಳುಗಳು ಬಯಸಿದ್ದು ಪಕ್ಕದವನಿಗೆ ತಮ್ಮಷ್ಟು ಸಿಗದಿರಲೆಂದು. ಮೊದಲನೆಯದು ನ್ಯಾಯದ ಮೊರೆ, ಎರಡನೆಯದು ಅಸೂಯೆ. ದಲಿತ ಕ್ರೈಸ್ತನೊಬ್ಬನು ಸಭೆಯ ಆಡಳಿತದಲ್ಲಿ ತನ್ನವರಿಗೇಕೆ ಸ್ಥಾನವಿಲ್ಲವೆಂದು ಕೇಳಿದರೆ ಅವನಿಗೆ ಗಲಾತ್ಯ 5ರ ಶರೀರಭಾವದ ಕರ್ಮಗಳ ಪಟ್ಟಿಯನ್ನು ಓದಿಹೇಳುವುದು ದೇವರ ವಾಕ್ಯದ ದುರುಪಯೋಗ.

ಕನಕದಾಸರ ಕಾವ್ಯವನ್ನು ಕ್ರೈಸ್ತ ಸಾಮ್ಯವನ್ನಾಗಿಸುವುದು ನನ್ನ ಉದ್ದೇಶವಲ್ಲ. ಅದು ಹರಿಭಕ್ತನ ಕೃತಿ, ಅದರ ಗೌರವ ಅದಕ್ಕಿದೆ. ಅದರೊಡನೆ ನಿಂತು ಪೌಲನನ್ನು ಓದಿದಾಗ ಒಂದು ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಪರೀಕ್ಷೆಯಿದೆ, ಗೆದ್ದವರಿದ್ದಾರೆ, ಮೇಲುಕೀಳು ಅದಲುಬದಲಾಗುತ್ತದೆ. 1 ಕೊರಿಂಥ 12ರಲ್ಲಿ ಗೆಲ್ಲಬೇಕಾದ ಅಂಗವೇ ಇಲ್ಲ. ಕೊರತೆಯುಳ್ಳ ಅಂಗ ತನ್ನ ಯೋಗ್ಯತೆಯನ್ನು ರುಜುವಾತುಮಾಡುವ ಮೊದಲೇ ದೇವರು ಅದಕ್ಕೆ ಹೆಚ್ಚಿನ ಮಾನವನ್ನು ಕೊಟ್ಟಿದ್ದಾನೆ. ನೀನು ನನಗೆ ಬೇಡವೆಂದು ಹೇಳುವ ಹಕ್ಕನ್ನು ಕಣ್ಣಿನಿಂದ ಕಸಿದುಕೊಳ್ಳಲಾಗಿದೆ.

ಬೋಧಕರಾದ ನಮಗೆ ಈ ಪಾಠ ಎಲ್ಲರಿಗಿಂತ ಕಠಿಣ. ವರ್ಗಾವಣೆಯ ಪಟ್ಟಿ ಹೊರಬಿದ್ದ ದಿನ ನಮ್ಮ ಕಣ್ಣು ಮೊದಲು ಹುಡುಕುವುದು ನಮ್ಮ ಹೆಸರನ್ನೋ, ಜೊತೆಯಲ್ಲಿ ಓದಿದವನ ಹೆಸರನ್ನೋ? ಅಪೊಲ್ಲೋಸನ ಪಕ್ಷ, ಪೌಲನ ಪಕ್ಷವೆಂದು ಕೊರಿಂಥದವರು ಒಡೆದಾಗ ಪೌಲನು ನೆಟ್ಟವನನ್ನೂ ನೀರು ಹಾಕಿದವನನ್ನೂ ಒಂದೇ ಹೊಲದ ಆಳುಗಳೆಂದನು. ಮುಂದೆ ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆಯುವಾಗ ಅವನ ಎದುರಾಳಿಗಳು ಹೊರಗೆ ಸ್ವತಂತ್ರರಾಗಿದ್ದರು, ಅವನ ಸಂಕಟವನ್ನು ಹೆಚ್ಚಿಸುವುದಕ್ಕೆಂದೇ ಹೊಟ್ಟೆಕಿಚ್ಚಿನಿಂದ ಪ್ರಸಂಗಿಸುತ್ತಿದ್ದರು. ಪೌಲನು ಅವರ ಉದ್ದೇಶವನ್ನು ಒಳ್ಳೆಯದೆಂದು ಕರೆಯಲಿಲ್ಲ. ಕ್ರಿಸ್ತನು ಪ್ರಸಿದ್ಧಿಗೆ ಬರುತ್ತಿದ್ದಾನಲ್ಲಾ ಎಂದು ಬೇಡಿಗಳ ನಡುವೆಯೇ ಸಂತೋಷಪಟ್ಟನು.